ಬಂಗಾರಿಯ ನೀರು

ನಾನು ಒಂದು ನೀಲಿ ಬಕೆಟ್ಟು. ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಕಾದ ಪ್ಲಾಸ್ಟಿಕ್ಕು ಅಚ್ಚಿಗೆ ಬಿದ್ದು ಹುಟ್ಟಿದೆ. ಧಾರವಾಡದ ಒಂದು ಅಂಗಡಿಯ ಮುಂದೆ ಅಣ್ಣತಮ್ಮಂದಿರ ಜೊತೆ ಹಗ್ಗಕ್ಕೆ ಜೋತುಬಿದ್ದಿದ್ದಾಗ ಇಂದೂಬಾಯಿ ನನ್ನನ್ನು ಆರಿಸಿಕೊಂಡರು. ಇನ್ನು ಬಚ್ಚಲಮನೆಯೇ ಗತಿ ಅಂದುಕೊಂಡಿದ್ದೆ. ಅವರು ನನ್ನನ್ನು ಪಡಸಾಲೆಯಲ್ಲಿ, ಗಾಜಿನ ತೊಟ್ಟಿಯ ಪಕ್ಕ ಇಟ್ಟರು.

ತೊಟ್ಟಿಯಲ್ಲಿ ಒಂದೇ ಒಂದು ಕೆಂಪು ಮೀನು, ಹೆಸರು ಬಂಗಾರಿ. ಮಕ್ಕಳಿಲ್ಲದ ಆ ಮನೆಯಲ್ಲಿ ಅದಕ್ಕೆ ಕೂಸಿನ ಸಲಿಗೆ. ನಳದ ನೀರಿಗೆ ಔಷಧಿ ಬೆರೆಸಿರುತ್ತಾರೆ, ಮೀನಿಗೆ ಅದು ವಿಷ. ಅದಕ್ಕೇ ಆ ನೀರನ್ನು ಒಂದು ದಿನ ನನ್ನಲ್ಲಿ ತೆರೆದಿಟ್ಟು, ವಾಸನೆ ಹೋದ ಮೇಲೆಯೇ ತೊಟ್ಟಿಗೆ ಸುರಿಯುತ್ತಿದ್ದರು. ಅದೂ ಕಾಲುಭಾಗ ಹಳೆಯ ನೀರು ತೆಗೆದು, ಅಷ್ಟೇ ಹೊಸದು. ನನಗೆ ಸೋಪು ಸೋಕುವಂತಿರಲಿಲ್ಲ. ದೇವರ ಕೊಡಕ್ಕಿಂತ ಈ ಬಕೆಟ್ಟಿನ ಮಡಿಯೇ ಹೆಚ್ಚಾಯಿತು ಎಂದು ಯಜಮಾನರಾದ ಪ್ರಹ್ಲಾದರಾಯರು ನಗುತ್ತಿದ್ದರು.

ಆಮೇಲೆ ಇಂದೂಬಾಯಿಗೆ ಕಾಯಿಲೆ ಬಂತು. ದವಾಖಾನೆಗೆ ಹೊರಡುವಾಗ ಹೊಸ್ತಿಲಲ್ಲಿ ನಿಂತು, "ಬಂಗಾರೀ ನೀರು ಮರೀಬ್ಯಾಡ್ರಿ," ಎಂದರು. ಅವರು ಮರಳಲಿಲ್ಲ. ರಾಯರು ಆ ಮಾತು ಮರೆಯಲಿಲ್ಲ. ಸೂತಕದ ದಿನಗಳಲ್ಲಿ ಊಟ ಬಿಟ್ಟರೂ ನನ್ನನ್ನು ತುಂಬಿಡುವುದನ್ನು ಬಿಡಲಿಲ್ಲ. ಅವರಿಗೆ ಉಳಿದಿದ್ದು ಅದೊಂದೇ ಜೀವ.

ಸೂತಕ ಕಳೆಯುವ ದಿನ ರಾಯರು ಕರ್ಮಕ್ಕೆಂದು ಮಠಕ್ಕೆ ಹೋಗಿದ್ದರು. ಮನೆಯಲ್ಲಿ ನಿಂತ ನೀರನ್ನೆಲ್ಲ ಅಂದು ಚೆಲ್ಲಿ ಹೊಸ ನೀರು ತುಂಬುವುದು ರೂಢಿ. ಸೂತಕಕ್ಕೆಂದು ಊರಿಂದ ಬಂದಿದ್ದ ರಾಯರ ಅಕ್ಕ ಅಂಬಕ್ಕ ಹಂಡೆ, ಕೊಡ, ತಂಬಿಗೆ ಎಲ್ಲ ಬರಿದು ಮಾಡಿ ತೊಟ್ಟಿಯ ಮುಂದೆ ಬಂದು ನಿಂತರು.

"ಇದೂ ನಿಂತ ನೀರ ಅಲ್ಲೇನು? ಪಾಪ, ಈ ಜೀವಕ್ಕೂ ಸೂತಕ ಕಳೀಲಿ."

ಬಂಗಾರಿಯನ್ನು ಬೋಗುಣಿಗೆ ಹಾಕಿ, ತೊಟ್ಟಿಯನ್ನು ಪೂರ್ತಿ ಚೆಲ್ಲಿ ತಿಕ್ಕಿ ತೊಳೆದರು. ನನ್ನಲ್ಲಿ ತಂಗಿದ್ದ ನೀರೂ ಅಂಗಳದ ಪಾಲಾಯಿತು. ಆಗತಾನೆ ಬಂದ ನಳದ ನೀರನ್ನು ನನ್ನಲ್ಲೇ ಹಿಡಿದು ಹಿಡಿದು ತೊಟ್ಟಿ ತುಂಬಿದರು. ಔಷಧಿಯ ವಾಸನೆ ಮೂಗಿಗೆ ಹೊಡೆಯುವಂತಿತ್ತು. ಬಾಯಿ ಇಷ್ಟು ದೊಡ್ಡದಿದ್ದೂ ಮಾತಿಲ್ಲದ ಜನ್ಮ ನನ್ನದು.

ರಾಯರು ಬಂದಾಗ ಬಂಗಾರಿ ಮೇಲೆ ತೇಲಿ ಉಸಿರಿಗೆ ಬಾಯಿ ಬಿಡುತ್ತಿತ್ತು. ಅಡುಗೆಮನೆಯಿಂದ ಅಂಬಕ್ಕ, "ನೋಡೋ ಪ್ರಹ್ಲಾದಾ, ಹ್ಯಾಂಗ ಚೊಕ್ಕ ಮಾಡೇನಿ!" ಎಂದು ಕೂಗಿದರು. ರಾಯರು ನನ್ನನ್ನು ಹಿಡಿದು ಪಕ್ಕದ ಮನೆಯ ಬಾವಿಗೆ ಓಡಿದರು. ನೀರು ಸೇದಿ ತರುವಷ್ಟರಲ್ಲಿ ಬಂಗಾರಿ ಮಗ್ಗುಲಾಗಿತ್ತು. ಅದನ್ನು ಹಿತ್ತಲಲ್ಲಿ ಹೂತು ಬಂದು, ಅಕ್ಕನಿಗೆ ಕೇಳಬಾರದೆಂದು ನನ್ನೊಳಗೆ ಮುಖ ಇಟ್ಟು ಅತ್ತರು.

ಸಂಜೆ ಅಂಬಕ್ಕ ಕೇಳಿದರು. "ಮೀನ ಎಲ್ಲೋ?"

"ಇಂದೂ ಕರಕೊಂಡ ಹೋದಳಕ್ಕಾ."

ಅಂಬಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹಂಗಾರ ನಾ ನೀರ ಬದಲಿಸಿದ್ದು ಛಲೋನ ಆತು ನೋಡು. ಹೋಗೂ ಮುಂದ ಚೊಕ್ಕ ನೀರಾಗ ಹೋತು."

"ಹೂಂನ, ಅಕ್ಕಾ," ಎಂದರು ರಾಯರು.

ತೊಟ್ಟಿಯನ್ನು ಯಾರಿಗೋ ಕೊಟ್ಟಾಯಿತು. ಅಂಚು ಸೀಳಿದ ನಾನು ಈಗ ಹಿತ್ತಲಲ್ಲಿ ಬೋರಲಾಗಿದ್ದೇನೆ. ಸಂಜೆ ಹೊತ್ತು ರಾಯರು ಬಂದು ನನ್ನ ಮೇಲೆ ಸುಮ್ಮನೆ ಕೂರುತ್ತಾರೆ. ವರ್ಷದಿಂದ ವರ್ಷಕ್ಕೆ ಅವರ ಭಾರ ಕಡಿಮೆಯಾಗುತ್ತಿದೆ. ಅದು ನನಗೆ ಮಾತ್ರ ಗೊತ್ತು.