ಬರ್ರಿ ಎಂಬ ಮಾತು

"ತೆಲಿ ಕಡೆ ಮೆಲ್ಲಕ ಬಿಡ್ರಿ!" ಎಂದು ರಮಾ ಕೂಗುವಷ್ಟರಲ್ಲಿ ಹಗ್ಗ ಜಾರಿ, ಬಿಳಿಯ ಚೀಲದಲ್ಲಿದ್ದ ಅವಳ ಅವ್ವ ದುರ್ಗಕ್ಕ ಗುಂಡಿಯ ತಳ ಸೇರಿಯಾಗಿತ್ತು. ಕೊರೊನಾದ ಹೆಣ, ಸ್ನಾನವಿಲ್ಲ, ಅರಿಶಿನವಿಲ್ಲ. ಆಸ್ಪತ್ರೆಯವರು ಕಟ್ಟಿಕೊಟ್ಟದ್ದನ್ನು ಬಿಚ್ಚುವಂತಿರಲಿಲ್ಲ. ಮೆಟ್ರಿ ಊರಿನ ಕೇರಿಯ ಜನ ಬಾಯಿಗೆ ಸೆರಗು, ಟವಲು ಒತ್ತಿಕೊಂಡು ಕಬ್ಬಿನ ಹೊಲದ ಬದುವಿನುದ್ದಕ್ಕೂ ನಿಂತಿದ್ದರು.

"ಆಕಿ ಜೋಡಿ ನಾಟಿಗೆ ಇಳಿದ್ರ ಸೊಂಟನೋವೇ ಗೊತ್ತಾಗ್ತಿದ್ದಿಲ್ಲ, ಹಂಗ ನಗಿಸ್ತಿದ್ಳು," ಎಂದು ನೆರೆಮನೆಯ ಕೊಟ್ರಮ್ಮ ಮೂಗೊರೆಸಿಕೊಂಡಳು.

"ಯಮನಿಗೂ ಒಂದು ಮಾತು ಅನ್ನದ ಬಿಟ್ಟಿರಾಕಿಲ್ಲ ನಮ್ಮಕ್ಕ," ಎಂದ ದುರ್ಗಕ್ಕನ ತಮ್ಮ ಹೊನ್ನೂರಪ್ಪ. "'ಊರಾಗ ದೊಡ್ಡೋರು ಇಷ್ಟು ಮಂದಿ ಇರಾಗ ನನ್ನ ಹತ್ರ ಯಾಕ ಬಂದ್ಯೋ, ದಾರಿ ತಪ್ಪೀಯೇನು?' ಅಂದಿರ್ತಾಳ."

ಅಳುವಿನ ನಡುವೆಯೇ ನಗು ಹರಿದಾಡಿತು. ರಮಾ ನಗಲಿಲ್ಲ. ಹೊಸಪೇಟೆಯಲ್ಲಿ ದಿನವಿಡೀ ಪರರ ತೋಳಿಗೆ ಲಸಿಕೆ ಚುಚ್ಚುವ ನರ್ಸು ಅವಳು. ತಂದೆ ತಾಯಪ್ಪನ ಬಳಿಗೆ ಸರಿದಳು.

"ಅಪ್ಪಾ, ಸಂಜಿಗೆ ನನ್ ಜೋಡಿ ಬಾ. ನಾನೇ ಹಾಕ್ತೀನಿ. ಇರುವಿ ಕಡದಂಗ, ಅಷ್ಟ."

"ನಿಮ್ಮವ್ವ ಬ್ಯಾಡಂದಾಳ."

"ಅವ್ವ ಮಣ್ಣಾಗ ಅದಾಳಪ್ಪಾ."

"ಅದಕ್ಕ," ಎಂದ ತಾಯಪ್ಪ, ಗುಂಡಿಯಿಂದ ಕಣ್ಣು ಕೀಳದೆ. "ಈಗ ಹೆಂಗ ಮೀರ್ಲಿ?"

*

ಮುಂಗಾರಿನ ಮೊದಲಲ್ಲಿ ಲಸಿಕೆಯ ಜೀಪು ಮೇಲ್ಜಾತಿಯವರ ಮೇಲೋಣಿಗೆ ಹೋಗಿ ನಿಂತಾಗ, ಅಲ್ಲಿ ಒಂದು ತೋಳೂ ಮುಂದೆ ಬಂದಿರಲಿಲ್ಲ. ಸೂಜಿ ಹಾಕಿಸಿಕೊಂಡವರು ಬಾಳುವುದಿಲ್ಲವೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದ್ದ ಕಾಲ. "ಮೊದ್ಲು ಕೇರಿಯವ್ರಿಗೆ ಹಾಕ್ರಿ, ನೋಡಾಮು," ಎಂದ ಹಿರಿಯರ ಮಾತಿಗೆ ತಲೆಯಾಡಿಸಿ, ಪಂಚಾಯಿತಿಯ ವೀರೇಶ ತಾನೇ ಜೀಪು ಹತ್ತಿ ಕೇರಿಗೆ ಬಂದಿದ್ದ. ದುರ್ಗಕ್ಕನ ಬಾಗಿಲಲ್ಲಿ ನಿಂತು, ಆ ಓಣಿ ಎಂದೂ ಕೇಳಿರದ ದನಿಯಲ್ಲಿ ಕರೆದಿದ್ದ:

"ಬರ್ರಿ ದುರ್ಗಮ್ಮಾರೇ, ಮೊದ್ಲು ನೀವು ಬರ್ರಿ."

ದುರ್ಗಕ್ಕ ಮೊರದಲ್ಲಿ ಕೇರುವುದನ್ನು ನಿಲ್ಲಿಸಿದ್ದಳು.

"ಕೇಳಿದ್ರೇನ್ರೇ? ಹುಟ್ಟಿದಾಗಿಂದ 'ಏ ದುರ್ಗೀ' ಅಂದ ಬಾಯಿ ಇವತ್ತು 'ಬರ್ರಿ' ಅಂತೈತಿ! ಹೊಂಚು ಹಾಕಿದ ಬೆಕ್ಕು ಇಲಿಗೆ 'ರೀ' ಹಚ್ಚಿ ಕರದಂಗಾತು. ನೀರಿಗೆ ಹಿಂದ, ಗುಡಿಗೆ ಹಿಂದ, ಸೂಜಿಗೆ ನಾವು ಮುಂದೇನು?"

ಕೇರಿಗೆ ಕೇರಿಯೇ ನಕ್ಕಿತು. ನಕ್ಕು ಬಾಗಿಲು ಹಾಕಿಕೊಂಡಿತು. ಸುದ್ದಿ ಕೇಳಿ ಓಡಿಬಂದ ರಮಾ ಗೋಗರೆದಳು: "ಅವ್ವಾ, ಆತ ಕೆಟ್ಟವನಿರಬೌದು. ಸೂಜಿ ಕೆಟ್ಟದಲ್ಲ."

"ನೀ ಓದಿದಾಕಿ, ಸೂಜಿ ನೋಡ್ತಿ. ನಾ ಕರಿಯೋರ ಮಾರಿ ನೋಡ್ತೀನವ್ವಾ."

ಅವ್ವ ತಪ್ಪುತ್ತಿದ್ದಾಳೆಂದು ರಮಾಳಿಗೆ ಗೊತ್ತಿತ್ತು. ಆದರೆ ಆ ಮಾರಿಯ ವಿಷಯದಲ್ಲಿ ಅವ್ವ ತಪ್ಪಿಲ್ಲವೆಂಬುದೂ ಗೊತ್ತಿತ್ತು.

*

ಮಣ್ಣು ಕೊಡುವ ಹೊತ್ತು. ಮೊದಲ ಹಿಡಿಗೆ ತಾಯಪ್ಪ ಬಾಗಿದ್ದನಷ್ಟೆ. ಕಾಲುವೆಯ ಏರಿಯ ಮೇಲೆ ಧೂಳೆದ್ದಿತು.

"ಸೂಜಿ ಜೀಪಲೇ! ಹೆಣದ ಮುಂದನ ಹಿಡಿಯಾಕ ಬಂದ್ರು!"

ಯಾರು ಕೂಗಿದರೋ. ಕಣ್ಣು ಮಿಟುಕಿಸುವಷ್ಟರಲ್ಲಿ ಬದು ಬರಿದಾಯಿತು. "ಜಲ್ದಿ ನಡೀ ಮಾವಾ," ಎಂದು ಹೊನ್ನೂರಪ್ಪ ತಾಯಪ್ಪನ ರಟ್ಟೆ ಹಿಡಿದೆಳೆದ. ತಾಯಪ್ಪ ಒಮ್ಮೆ ಗುಂಡಿಯನ್ನು, ಒಮ್ಮೆ ಮಗಳನ್ನು ನೋಡಿದ. ಮಣ್ಣು ಹಿಡಿದ ಮುಷ್ಟಿಯೊಡನೆಯೇ ಕಬ್ಬಿನೊಳಗೆ ಮರೆಯಾದ.

ರಮಾ ಏರಿಯ ಮೇಲಕ್ಕೆ ಓಡಿ ಕೈ ಅಡ್ಡ ಹಿಡಿದಳು. "ನಿಲ್ಸ್ರಿ! ಇಲ್ಲಿ ಜನ ಅದಾರ, ನಾ ಕರ್ಕೊಂಡು ಬರ್ತೀನಿ. ಒಂದು ಗಳಿಗಿ ನಿಲ್ರಿ!"

ಡ್ರೈವರ್ ಗಾಜು ಇಳಿಸಿದ. "ಇಲ್ಲಿಗಲ್ಲಕ್ಕ, ಮೇಲೋಣಿಗೆ. ಕೇರ್‍ಯಾಗ ಸೂಜಿ ಒಲ್ಲೆ ಅಂದಾಕಿ ಸತ್ಲು ಅಂತ ಸುದ್ದಿ ಹಬ್ಬಿದ್ದ ತಡ, ಅವ್ರಿಗೆಲ್ಲ ಸೂಜಿ ಮ್ಯಾಲ ನಂಬಿಕಿ ಬಂದೈತಿ. ಮುಂಜಾನಿಂದ ಸಾಲು ಹಚ್ಚಿ ಕುಂತಾರ." ಗೇರು ಹಾಕುತ್ತ ಸೇರಿಸಿದ: "ಸೂಜಿ ಉಳಿದ್ರ ಈ ಕಡೆ ಬರ್ತೀವಿ."

ಧೂಳು ಇಳಿಯಿತು. ತುಂಬದ ಗುಂಡಿಯಲ್ಲಿ ಬಿಳಿಯ ಚೀಲ ಬಿಸಿಲಿಗೆ ಮಿನುಗುತ್ತಿತ್ತು. ಗಾಳಿಯ ಸುಳಿವೇ ಇರಲಿಲ್ಲ. ಆದರೂ ಕಬ್ಬಿನ ಗರಿಗಳು ಅಲ್ಲಲ್ಲಿ ನಡುಗುತ್ತಿದ್ದವು. ಅದರೊಳಗೆಲ್ಲೋ ತಾಯಪ್ಪ ಕೆಮ್ಮಿದ. ಯಾರೋ ಅವನ ಬಾಯಿಯನ್ನು ಅಂಗೈಯಿಂದ ಮುಚ್ಚಿದರು.