ಮೂರನೆಯ ಓಟಗಾರ್ತಿ

ಕ್ರೀಡಾಕೂಟ ಹತ್ತಿರ ಬಂದಿತೆಂದರೆ ನಮ್ಮ ಹೈಸ್ಕೂಲಿನ ಮೈದಾನದ ಕೆಂಪು ಮಣ್ಣಿನ ಮೇಲೆ ಸುಣ್ಣದ ಗೆರೆಗಳು ಮೂಡುತ್ತಿದ್ದವು. ಆ ವರ್ಷ ಹುಡುಗಿಯರ ರಿಲೇ ತಂಡದಲ್ಲಿ ಮೂರನೆಯವಳಾಗಿ ಓಡಬೇಕಿದ್ದವಳು ನನ್ನ ಗೆಳತಿ ಹೇಮಾಕ್ಷಿ. ನಾನು ಎಕ್ಸ್‌ಟ್ರಾ. ನಾಲ್ವರಲ್ಲಿ ಯಾರಿಗಾದರೂ ಏನಾದರೂ ಆದರೆ ಮಾತ್ರ ನನಗೆ ಓಟ.

ಒಂದು ಸಂಜೆ ಅಭ್ಯಾಸದ ನಡುವೆ ಅವಳು ಕಾಣಲಿಲ್ಲ. ಹುಡುಕಿಕೊಂಡು ಹೋದರೆ, ನೀರಿನ ತೊಟ್ಟಿಯ ಹಿಂದೆ ಎದೆ ಒತ್ತಿ ಹಿಡಿದು ಕೂತಿದ್ದಳು. ತುಟಿ ನೀಲಿಗಟ್ಟಿತ್ತು.

"ಯಾರ್ಗೂ ಹೇಳ್ಬೇಡ ಕಣೇ. ಸ್ಪೋರ್ಟ್ಸ್ ಒಂದು ಮುಗೀಲಿ," ಎಂದಳು.

ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಡ್ರಿಲ್ ಮೇಷ್ಟ್ರು ಜಿನ್ನಪ್ಪನವರ ಮುಂದೆ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಅವರು ಅವಳ ತಂದೆಯನ್ನು ಕರೆಸಿ, ತಾವೂ ಜೊತೆಯಾಗಿ ಅವಳನ್ನು ಡಾಕ್ಟರ ಬಳಿಗೆ ಕರೆದೊಯ್ದರು. ಹೃದಯದ ಕವಾಟದಲ್ಲಿ ದೋಷವಿತ್ತು. ಇನ್ನು ಓಡಲೇಕೂಡದು ಎಂದರಂತೆ ಡಾಕ್ಟರು. ಮರುದಿನ ಮೇಷ್ಟ್ರು ಪಟ್ಟಿಯಲ್ಲಿ ಅವಳ ಹೆಸರು ಹೊಡೆದು ನನ್ನ ಹೆಸರು ಬರೆದರು. ಅದನ್ನು ಓದಿದಾಗ ನನ್ನೊಳಗೆ ಒಂದು ಸಣ್ಣ ಸಂತೋಷ ಎದ್ದಿತು. ಆ ಸಂತೋಷವನ್ನು ನಾನು ಇಂದಿಗೂ ಮರೆತಿಲ್ಲ.

ಹೇಮಾಕ್ಷಿ ಎಂಟು ದಿನ ನನ್ನೊಡನೆ ಮಾತಾಡಲಿಲ್ಲ.

ಕೂಟದ ದಿನ ಇಡೀ ಶಾಲೆ ಹಗ್ಗದಾಚೆ ನಿಂತು ಶಾಲೆಯ ಹೆಸರು ಕೂಗುತ್ತಿತ್ತು. ನಾನು ಸುಣ್ಣದ ಗೆರೆಯ ಮೇಲೆ ಹೋಗಿ ನಿಂತೆ. ಅವಳ ಜಾಗದಲ್ಲಿ ನಿಂತಿದ್ದೇನೆ ಎಂಬುದೊಂದೇ ತಲೆಯಲ್ಲಿತ್ತು. ಆಗ ಆ ಗದ್ದಲದ ನಡುವೆ, ತೀರ ಹತ್ತಿರದಿಂದ, ಅವಳ ದನಿ ಕೇಳಿತು.

"ಹಿಂದೆ ತಿರುಗಿ ನೋಡ್ಬೇಡ. ಕೈ ಚಾಚಿ ಓಡು. ಕೋಲು ತಾನಾಗೇ ಬರುತ್ತೆ."

ಕೋಲು ಬಂತು. ಓಡಿದೆ. ಮೂರನೆಯ ಸ್ಥಾನದಲ್ಲಿ ಹಿಡಿದದ್ದನ್ನು ಎರಡನೆಯ ಸ್ಥಾನದಲ್ಲಿ ದಾಟಿಸಿದೆ. ನಮ್ಮ ತಂಡ ಕೊನೆಗೂ ಎರಡನೆಯದಾಗಿಯೇ ಉಳಿಯಿತು. ಆದರೂ ನಮ್ಮವರು ಗೆದ್ದವರಂತೆ ಕುಣಿದರು.

ಗದ್ದಲ ಇಳಿದ ಮೇಲೆ ಶಾಲೆಯ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತೆ.

"ನಿಂಗೇನಾದ್ರೂ ಆಗ್ಬಿಡುತ್ತೆ ಅಂತ ಹೆದರ್ಕೊಂಡೇ ಹೇಳ್ದೆ. ಆದ್ರೆ ನಿನ್ ಜಾಗಾನೂ ಬೇಕಿತ್ತು ನಂಗೆ."

ಅವಳು ನನ್ನ ಕಡೆ ತಿರುಗಿದಳು.

"ಗೊತ್ತು ಬಿಡೇ. ನಾನಾಗಿದ್ರೆ ಎರಡು ದಿನ ಕಾಯ್ತಾನೇ ಇರ್ಲಿಲ್ಲ."

ಬರಿಗಾಲಲ್ಲಿ ಓಡಿದ್ದ ನನ್ನ ಅಂಗಾಲಿಗೆ ನೆಗ್ಗಿಲು ಮುಳ್ಳು ಹೊಕ್ಕಿತ್ತು. ಅವಳು ನನ್ನ ಕಾಲನ್ನು ಮಡಿಲಿಗೆಳೆದುಕೊಂಡು, ಲಂಗದ ಪಿನ್ನು ಬಿಚ್ಚಿ, ತಲೆ ಬಗ್ಗಿಸಿ ಮುಳ್ಳು ಹುಡುಕತೊಡಗಿದಳು. ಮೈದಾನ ಖಾಲಿಯಾಗುತ್ತಿತ್ತು. ಅವಳ ಉಸಿರು ಒಂದೇ ಸಮನೆ, ಬೆಚ್ಚಗೆ, ನನ್ನ ಪಾದಕ್ಕೆ ತಾಗುತ್ತಿತ್ತು.