ಮಂಜವ್ವನನ್ನು ಕೂಗಿದ್ದು

ಮೂರನೇ ಸಲ ಕೂಗಲೇಬೇಕೇ? ಕೂಗದೆ ಹೀಗೇ ನಿಂತುಬಿಟ್ಟರೆ ಏನಾದೀತು? ಗಂಟಲು ಕಟ್ಟಿದೆ ಎಂದು ನೀರಿನ ಕೊಡದ ಕಡೆ ಹೋದರೆ? ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಸಿಕ್ಕರೂ ಆಕೆ ಗೇಟಿನೊಳಗೆ ಬಂದಾಳು. ಬರಲಿಕ್ಕೂ ಇಲ್ಲ. ಬಸ್‌ಸ್ಟ್ಯಾಂಡೇನು ಇಲ್ಲೇ ಮಗ್ಗುಲಿಗಿಲ್ಲ. ಆಕೆ ಮೊಣಕಾಲು ಹಿಡಿದ ಮುದುಕಿ. ಹಾಗಾದರೆ ಒಳಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಲೇ? ಹೇಳಿದರೆ ತಿರುಗಿ ಬರುವ ಮೊದಲ ಪ್ರಶ್ನೆ ಯಾವುದೆಂಬುದೂ ನಂದೀಶನಿಗೆ ಗೊತ್ತಿತ್ತು. ಅದಕ್ಕೇ ಅವನು ಕೋರ್ಟಿನ ವರಾಂಡದಲ್ಲಿ, ತೆರೆದ ಬಾಗಿಲಿಗೆ ಬೆನ್ನು ಕೊಟ್ಟು, ಬಾಯಿ ಅರ್ಧ ತೆರೆದುಕೊಂಡು ನಿಂತಿದ್ದ.

ಕೂಗುವುದು ಅವನ ಕೆಲಸವಲ್ಲ. ಅವನು ಕಾರಕೂನ. ಮುಳಗುಂದದ ಹುಡುಗ, ಧಾರವಾಡದಲ್ಲಿ ಎಂ.ಎ. ಓದಿ, ಪರೀಕ್ಷೆ ಬರೆದು ಈ ತಾಲೂಕು ಕೋರ್ಟಿಗೆ ಬಂದವನು. ಕಡತ ಎತ್ತಿಕೊಡುವುದು, ಇಳಿಸುವುದು, ತಾರೀಖು ಹಾಕುವುದು, ಬೈಸಿಕೊಳ್ಳುವುದು. ನೌಕರಿ ಇನ್ನೂ ಕಾಯಂ ಆಗಿಲ್ಲ. ಆ ದಿನ ಜವಾನ ರಜೆ ಹಾಕಿದ್ದ. ಶಿರಸ್ತೇದಾರ ಪುಂಡಲೀಕಪ್ಪ, "ಎಂ.ಎ. ಮಾಡಿದಾಂವಗ ದನಿಯರ ಇರ್ಬೇಕಲ್ಲಲೇ, ಹೋಗಿ ನೀನಾ ಕೂಗು" ಎಂದು ಅವನನ್ನು ಹೊರಗೆ ಕಳಿಸಿದ್ದರು.

ಕೂಗುವುದಕ್ಕೂ ಒಂದು ಪದ್ಧತಿ ಇದೆ. ಹೆಸರನ್ನು ಮೂರು ಸಲ ಕೂಗಬೇಕು. ಬೇವಿನ ಗಿಡದ ಕೆಳಗಿಂದ ಯಾರಾದರೂ "ಬಂದೆನ್ರೀ" ಎಂದು ಓಡಿ ಬಂದರೆ ಅವರನ್ನು ಒಳಗೆ ಬಿಡಬೇಕು. ಬರದಿದ್ದರೆ ಬಾಗಿಲಲ್ಲಿ ನಿಂತು "ಯಾರೂ ಇಲ್ಲ" ಎನ್ನಬೇಕು. ಕೂಗುವವನ ಬಾಯಲ್ಲಿ ಮೂರನೆಯ ಮಾತು ಇರಕೂಡದು. ಹೋದ ವಾರವಷ್ಟೇ, ಶಿರಹಟ್ಟಿ ಕಡೆಯ ಒಬ್ಬ ಮುದುಕನ ಬಸ್ಸು ಕೆಟ್ಟಿದೆಯಂತೆ ಎಂದು ನಂದೀಶ ಒಳಗೆ ಬಾಯಿ ಹಾಕಿ, "ನೀವೇನು ಅವರ ವಕೀಲರಾ?" ಎಂದು ತುಂಬಿದ ಕೋರ್ಟಿನಲ್ಲಿ ನ್ಯಾಯಾಧೀಶರಿಂದ ಕೇಳಿಸಿಕೊಂಡಿದ್ದ.

ಮಂಜವ್ವ ಬೆಳಿಗ್ಗೆಯೇ ಬಂದಿದ್ದಳು. ಹೊಳೆಸಾಲಿನ ಹಳ್ಳಿಯವಳು, ಗಂಡ ಸತ್ತವಳು. ಗಂಡನ ಪಾಲಿಗೆ ಬಂದ ಎರಡು ಅಂಕಣದ ಮನೆಯನ್ನು ಕೆಡವಿ ಅಂಗಡಿಸಾಲು ಎಬ್ಬಿಸುತ್ತೇನೆಂದು ಮೈದುನ ನೀಲಪ್ಪ ನಿಂತಾಗ, ಆಕೆ ದಾವೆ ಹಾಕಿ ತಡೆಯಾಜ್ಞೆ ತಂದಿದ್ದಳು. ಆ ಮನೆಯ ಗೋಡೆ ಅದೊಂದು ಆಜ್ಞೆಯಿಂದಲೇ ಇನ್ನೂ ನಿಂತಿತ್ತು. ತಾರೀಖಿನ ದಿನ ಆಕೆಯಾಗಲಿ ವಕೀಲರಾಗಲಿ ಹಾಜರಿಲ್ಲದಿದ್ದರೆ ದಾವೆ ವಜಾ, ದಾವೆಯ ಜೊತೆಗೆ ಆಜ್ಞೆಯೂ ಹೋದಂತೆ. ಅಂದು ವಕೀಲರಿಗೆ ಗದಗಿನ ಕೋರ್ಟಿನಲ್ಲಿ ಬೇರೆ ಕೆಲಸವಿತ್ತು. "ನೀನಾ ನಿಂತು ಹಾಜರ ಅದೀನ್ರಿ ಅನ್ನು, ಮುಂದಿನ ತಾರೀಖು ಕೊಡ್ತಾರ" ಎಂದು ಫೋನಿನಲ್ಲಿ ಹೇಳಿ ಮುಗಿಸಿದ್ದರು.

ಆಕೆ ಆಫೀಸಿನ ಕಿಟಕಿಗೆ ಮುಖ ಹಚ್ಚಿ, ದನಿ ಇಳಿಸಿ ಕೇಳಿದ್ದು ತಾರೀಖನ್ನಲ್ಲ.

"ಯಪ್ಪಾ, ಇಲ್ಲಿ ಹೆಂಗಸರಿಗೆ ಪಾಯಖಾನಿ ಎಲ್ಲೈತಿ?"

ವರಾಂಡದ ತುದಿಗೆ ಇತ್ತು. ಬಾಗಿಲಿನ ಮೇಲೆ ಕುಂಕುಮ ಇಟ್ಟ ಹೆಣ್ಣಿನ ಮುಖದ ಚಿತ್ರ, ಚಿತ್ರದ ಕೆಳಗೆ ಒಂದು ಕೀಲಿ. ಕೀಲಿಕೈ ಪುಂಡಲೀಕಪ್ಪನವರ ಟೇಬಲ್ಲಿನ ಖಾನೆಯಲ್ಲಿ. ನಂದೀಶ ಒಳಗೆ ಹೋಗಿ ಕೇಳಿದ.

"ಯಾರಿಗೆ? ನಮ್ಮ ಸ್ಟಾಫಿಗೇನು?"

"ಅಲ್ರಿ ಸರ, ಪಾರ್ಟಿ. ವಯಸ್ಸಾದಾಕಿ."

"ಒಬ್ಬಾಕಿಗೆ ಕೊಟ್ರ ನಾಳೆ ಪಾಳಿ ಹಚ್ಚತಾರ. ಗಲೀಜು ಮಾಡಿ ಎದ್ದು ಹೊಕ್ಕಾರ. ತೊಳಿಯಾಂವ ಯಾರು, ನೀನೇನು?"

ಟೈಪು ಮಾಡುತ್ತಿದ್ದ ಅಖ್ತರಿ ತಲೆ ಎತ್ತಿದಳು. "ಕೊಡ್ರಿ ಸರ. ನಾ ಮುಂದ ನಿಂತು ನೀರು ಹಾಕಸ್ತೀನಿ."

"ನಿಂದು ನೀ ಟೈಪ್ ಮಾಡವಾ." ಪುಂಡಲೀಕಪ್ಪ ನಂದೀಶನ ಕಡೆ ತಿರುಗಿದರು. "ತಮ್ಮಾ, ನೀ ಧರ್ಮಛತ್ರ ನಡಸಾಕ ಬಂದೀಯೋ, ನೌಕರಿ ಮಾಡಾಕ ಬಂದೀಯೋ?"

ಆಫೀಸು ನಕ್ಕಿತು. ನಂದೀಶನೂ ನಕ್ಕ. ನಕ್ಕ ಮೇಲೆ ಆ ನಗು ಬಾಯಲ್ಲಿ ಹುಳಿಯಾಗಿ ಉಳಿಯಿತು.

"ಇಲ್ಲಂತಬೇ. ಬಸ್‌ಸ್ಟ್ಯಾಂಡಿನ್ಯಾಗ ಐತಿ," ಎಂದು ಕಿಟಕಿಗೆ ಬಂದು ಹೇಳಿದ.

ಮಂಜವ್ವ ಕಂಪೌಂಡಿನ ಹಿಂದಿನ ಜಾಲಿಕಂಟಿಗಳತ್ತ ನೋಡಿದಳು. ಅಲ್ಲಿ ಸಾಲಾಗಿ ಗಂಡಸರು ನಿಂತಿದ್ದರು. ಅವರಿಗೆ ಕೀಲಿಕೈ ಬೇಕಿರಲಿಲ್ಲ.

"ಅಷ್ಟ ದೂರ ಹೋಗಿ ಬರೂದ್ರಾಗ ನನ್ನ ಹೆಸರು ಕೂಗಿದ್ರ?"

"ನಿಮ್ಮದು ಈಗ ಬರಂಗಿಲ್ಲ. ಕೂಗಿದ್ರೂ ನಾ ಇಲ್ಲೇ ಅದೀನಲ್ಲ, ಹೇಳ್ತೀನಿ ತಗೋರಿ."

"ಮರಿಬ್ಯಾಡಪಾ ಮತ್ತ."

"ಹೂಂಬೇ."

ಅವನು ಸುಳ್ಳು ಹೇಳಿರಲಿಲ್ಲ. ಯಾರೂ ಬರದ ಕಡತವನ್ನು ಬದಿಗಿಟ್ಟು ಊಟದ ನಂತರ ಇನ್ನೊಮ್ಮೆ ಕೂಗಿಸುವುದು ಅಲ್ಲಿಯ ರೂಢಿ. ಆದರೆ ಅಂದು ತಿಂಗಳ ಕೊನೆ. ಎಷ್ಟು ಕೇಸು ವಿಲೇವಾರಿಯಾದವು ಎಂಬ ಲೆಕ್ಕ ಮೇಲಕ್ಕೆ ಹೋಗಬೇಕಿತ್ತು. ವಜಾ ಆದದ್ದೂ ಮುಗಿದದ್ದೇ. ಪುಂಡಲೀಕಪ್ಪ ಹಳೆಯ ದಾವೆಗಳನ್ನೆಲ್ಲ ಎಳೆದು ಮೇಲಿಟ್ಟಿದ್ದರು. ಬದಿಗಿಡುವ ರೂಢಿಗೆ ಅಂದು ರಜೆ. ಅದು ನಂದೀಶನಿಗೆ ತಿಳಿದದ್ದು, ಮಂಜವ್ವನ ಹೆಸರು ಅವನದೇ ಕೈಗೆ ಬಂದಾಗ.

"ಮಂಜವ್ವ ಕೋಂ ದೇವೇಂದ್ರಪ್ಪ!" ಎಂದು ಅವನು ಎರಡು ಸಲ ಕೂಗಿದ್ದ. ಗಿಡದ ಕೆಳಗೆ ಮೋಟರ್‌ಸೈಕಲ್ಲಿಗೆ ಒರಗಿ ನಿಂತಿದ್ದ ನೀಲಪ್ಪ ಎಲೆಅಡಿಕೆ ಉಗುಳಿ ಬಾಯಿ ಒರೆಸಿಕೊಂಡ. ಅತ್ತಿಗೆ ಎತ್ತ ಹೋದಳೆಂಬುದನ್ನು ಅವನೂ ನೋಡಿದ್ದ.

"ಇನ್ನೊಂದು ಜೋರ ಕೂಗ್ರಿ ಸಾಹೇಬ್ರ. ನಮ್ಮ ವೈನಿಗೆ ಕಿವಿ ಸ್ವಲ್ಪ ಮಂದ."

ನಂದೀಶ ಮೂರನೇ ಸಲ ಕೂಗಿದ. ದನಿ ಅವನಿಗೇ ಬೇರೆಯವರದೆನ್ನಿಸುವಷ್ಟು ಜೋರಾಗಿ ಬಂತು. ಗೇಟಿನಾಚೆ ಲಕ್ಷ್ಮೇಶ್ವರದ ಬಸ್ಸೊಂದು ಧೂಳೆಬ್ಬಿಸಿ ಹೋಯಿತು. ಧೂಳು ಕೂತಿತು. ರಸ್ತೆ ಖಾಲಿ ಇತ್ತು.

ಅವನು ಬಾಗಿಲಿಗೆ ಬಂದ.

"ಯಾರೂ ಇಲ್ವಾ?" ನ್ಯಾಯಾಧೀಶರು ಕೇಳಿದರು. ಮೈಸೂರು ಕಡೆಯ ಹೆಂಗಸು, ವರ್ಗವಾಗಿ ಬಂದವರು. ಕೆಟ್ಟವರೇನಲ್ಲ. ಪೆನ್ನು ಎತ್ತಿದವರು ಯಾಕೋ ತಡೆದು, ಅವನನ್ನೇ ನೋಡಿ ಮತ್ತೆ ಕೇಳಿದರು. "ಸರಿಯಾಗಿ ನೋಡಿದ್ರಾ? ಬೆಳಿಗ್ಗೆಯಿಂದ ಆ ಹೆಂಗಸು ಬಂದೇ ಇಲ್ವಾ?"

ಅಂಥ ಪ್ರಶ್ನೆಯನ್ನು ಕೂಗುವವನಿಗೆ ಯಾರೂ ಕೇಳುವುದಿಲ್ಲ. ಅವರು ಕೇಳಿದ್ದರು. ಬಂದಿದ್ದಾರೆ ಮೇಡಂ, ಬಸ್‌ಸ್ಟ್ಯಾಂಡಿನ ಪಾಯಖಾನೆಗೆ ಹೋಗಿದ್ದಾರೆ. ಇಷ್ಟು ಅಂದರೆ ಸಾಕಿತ್ತು. ಇಲ್ಲೇ ಇದೆಯಲ್ಲ, ಅಲ್ಲಿಗ್ಯಾಕೆ ಹೋದರು ಎಂದು ಅವರು ಕೇಳದೆ ಬಿಡುತ್ತಿರಲಿಲ್ಲ. ಅವರ ಚೇಂಬರಿಗೆ ಬೇರೆಯದೇ ಇದೆ. ಹೊರಗಿನದಕ್ಕೆ ಕೀಲಿ ಬಿದ್ದಿರುವುದು ಅವರಿಗೆ ಗೊತ್ತಿರಲಾರದು. ಕೆಳಗಿನ ಟೇಬಲ್ಲಿನಲ್ಲಿ ಪುಂಡಲೀಕಪ್ಪ ತಲೆ ಎತ್ತದೆ ಹಾಳೆ ತಿರುವುತ್ತಿದ್ದರು. ನೌಕರಿ ಕಾಯಂ ಮಾಡುವ ವರದಿ ಹೋಗಬೇಕಾದದ್ದು ಅವರ ಕೈಯಿಂದ. ಅವರು ತಿರುವುತ್ತಿದ್ದ ಹಾಳೆ ಗಾಳಿಯಲ್ಲಿ ಅರ್ಧಕ್ಕೆ ನಿಂತಿತ್ತು.

"ಯಾರೂ ಇಲ್ಲ ಮೇಡಂ," ಎಂದ ನಂದೀಶ.

ಪೆನ್ನು ಓಡಿತು. ಹಾಳೆ ಬಿತ್ತು. ಮುಂದಿನ ಹೆಸರು ಬಂತು, ಅದನ್ನೂ ಅವನು ಕೂಗಿದ. ನೀಲಪ್ಪನ ವಕೀಲರು ಹೊರಬಂದು ತಲೆಯಾಡಿಸಿದರೋ ಇಲ್ಲವೋ, ಗಿಡದ ಕೆಳಗೆ ಫೋನು ಕಿವಿಗೆ ಹೋಗಿತ್ತು. "ಹಚ್ಚಲೇ ಜೆಸಿಬಿ. ಹೂಂ, ಈಗ. ಆಕಿ ಬಸ್ ಹತ್ತೂದ್ರಾಗ ಮುಗಿಸಿ ಬಿಡು."

ಮಂಜವ್ವ ಬಂದಾಗ ಮೋಟರ್‌ಸೈಕಲ್ಲು ಇರಲಿಲ್ಲ. ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ, ಕಾಲೆಳೆಯುತ್ತ ಮೆಟ್ಟಿಲಿನ ತನಕ ಬಂದು, "ಕೂಗಿದ್ರೇನಪಾ?" ಎಂದಳು.

"ಕೇಸು ವಜಾ ಆತಬೇ."

"ಅಂದ್ರ?"

"ಅಂದ್ರ... ತಡೆಯಾಜ್ಞೆ ಹೋತು. ವಕೀಲರಿಗೆ ಫೋನ್ ಹಚ್ಚರಿ. ಮತ್ತ ಅರ್ಜಿ ಹಾಕಬಹುದು."

ಆಕೆ ಮೆಟ್ಟಿಲ ಮೇಲೆ ಕೂತಳು. ಅವನು ಬೈಗುಳಕ್ಕೆ ಕಾದ. ಮುಖಕ್ಕೆ ಉಗುಳಿದ್ದರೂ ಒರೆಸಿಕೊಳ್ಳುತ್ತಿದ್ದ. ಆಕೆ ಚಪ್ಪಲಿ ಬಿಟ್ಟ ತನ್ನ ಪಾದಗಳನ್ನೇ ನೋಡುತ್ತ, "ನಂದಾ ತಪ್ಪು. ಬಸ್ ಇಳದಕೂಡ್ಲೆ ಚಾ ಕುಡಿಬಾರದಿತ್ತು ನಾ" ಎಂದಳು.

 ನಂದೀಶ ಆಫೀಸಿಗೆ ನುಗ್ಗಿದ.

"ಕೀಲಿಕೈ ಕೊಡ್ರಿ."

ಪುಂಡಲೀಕಪ್ಪ ಊಟದ ಡಬ್ಬಿ ಬಿಚ್ಚುತ್ತಿದ್ದರು. "ಏನಲೇ ಇದು ದನಿ?"

"ನೀವಾ ಅಂದ್ರೆಲ್ಲ, ದನಿ ಇರ್ಬೇಕು ಅಂತ. ಕೀಲಿಕೈ ಕೊಡ್ರಿ. ಆಕಿ ಮನಿ ಬೀಳಾಕತ್ತೈತಿ ಅಲ್ಲಿ! ಒಂದು ಪಾಯಖಾನಿ ಸಲುವಾಗಿ ಮನಿ ಬೀಳಾಕತ್ತೈತ್ರಿ!"

"ನಾನೇನು ಕೆಡವಾಕತ್ತೇನಿ? ಹಾಜರಿಲ್ಲ ಅಂತ ಒದರಿದಾಂವ ಯಾರು?"

 ಆ ಮಾತಿಗೆ ಅವನು ಇನ್ನೂ ಕೆರಳಿದ. ಕಿಟಕಿ ಮುಚ್ಚದಂತೆ ಆನಿಕೆಗೆ ಇಟ್ಟಿದ್ದ ಕಲ್ಲನ್ನು ಎತ್ತಿಕೊಂಡು ವರಾಂಡದ ತುದಿಗೆ ಓಡಿದ. ಮೊದಲ ಏಟು ಚಿತ್ರದ ಮುಖಕ್ಕೆ ಬಿತ್ತು. ಎರಡನೆಯದು ಅವನ ಬೆರಳಿಗೆ. ಆಮೇಲೆ ಎಷ್ಟು ಹೊಡೆದನೋ, ಕೀಲಿ ಕೊಂಡಿಸಮೇತ ಕಿತ್ತು ಬಂತು. ವಕೀಲರು, ಪೊಲೀಸರು, ಗಿಡದ ಕೆಳಗಿನ ಮಂದಿ ಎಲ್ಲ ಬಂದು ನಿಂತರು. ಮಂಜವ್ವ ಆಗಲೇ ಬಸ್ಸಿಗೆಂದು ಎದ್ದು ಹೋಗಿದ್ದಳು. ಯಾರೋ ಶೀಟಿ ಹೊಡೆದರು. ನ್ಯಾಯಾಧೀಶರೂ ಬಂದರು. ತೆರೆದ ಬಾಗಿಲನ್ನೂ ಅವನ ರಕ್ತ ಸೋರುವ ಕೈಯನ್ನೂ ನೋಡಿದರು. "ಇದಕ್ಕೆ ಕೀಲಿ ಹಾಕಿಡೋರು ಯಾರು?" ಎಂದು ಪುಂಡಲೀಕಪ್ಪನವರನ್ನು ಎಲ್ಲರೆದುರು ಕೇಳಿದರು. ನಂದೀಶನಿಗೂ ನೋಟೀಸು ಬಂತು.

ಮಂಜವ್ವನ ಬಸ್ಸು ಊರು ಮುಟ್ಟುವುದರೊಳಗೆ ಎರಡೂ ಅಂಕಣ ನೆಲಕ್ಕೆ ಬಿದ್ದಿದ್ದವು. ಪಾತ್ರೆ ಪಡಗ ತೆಗೆಯಲೂ ಬಿಟ್ಟಿರಲಿಲ್ಲವಂತೆ. ವಕೀಲರು ಅರ್ಜಿ ಹಾಕಿ ದಾವೆಯನ್ನು ಮತ್ತೆ ಎಬ್ಬಿಸಿದರು. ಕೆಡವಬೇಡಿ ಎಂದು ಕೇಳಿದ್ದ ದಾವೆ ಅದು. ಈಗ ಕೆಡವುವುದಕ್ಕೆ ಏನೂ ಇರಲಿಲ್ಲ.

ಆಮೇಲಿನ ತಾರೀಖಿಗೆ ಆಕೆ ಬಂದಳು. ಊರಲ್ಲಿ ಯಾರದೋ ಕಟ್ಟೆಯ ಮೇಲೆ ಇದ್ದಳಂತೆ. ನೇರ ಕಿಟಕಿಗೆ ಬಂದು, ಅವನ ಬೆರಳಿನ ಪಟ್ಟಿ ನೋಡಿದಳು. ಕಣ್ಣು ತುಂಬಿ ಬಂತು.

"ಟೈಪಿನ ಹುಡುಗಿ ಗೇಟಿನ್ಯಾಗ ಸಿಕ್ಕು ಎಲ್ಲಾ ಹೇಳಿದ್ಲಪಾ. ನನ್ನ ಸಲುವಾಗಿ ಇಷ್ಟ ಮಂದಿ ಮುಂದ ಜಗಳಾಡಿದಿಯಂತ. ಹಡದ ಮಗಾನೂ ಹಿಂಗ ಮಾಡಂಗಿಲ್ಲ. ಒಳಗೂ ಹೇಳೇ ಇರ್ತಿ ನೀ, ಮಂಜವ್ವ ಬಂದಾಳ್ರಿ ಅಂತ. ಸಣ್ಣ ನೌಕರಿಯವರ ಮಾತು ಯಾರ ಕೇಳ್ತಾರ? ನೀ ಮನಸಿಗೆ ಹಚಗೋಬ್ಯಾಡ."

ಹಿಂದಿನಿಂದ ಪುಂಡಲೀಕಪ್ಪ ಕೆಮ್ಮಿದರು. ಅಖ್ತರಿಯ ಬೆರಳು ಟೈಪಿನ ಮೇಲೆ ನಿಂತಿದ್ದವು. ಎಲ್ಲರ ಮೇಲಿನ ಸಿಟ್ಟೂ ನಂದೀಶನ ಎದೆಯಲ್ಲಿ ಹಾಗೇ ಕುದಿಯುತ್ತಿತ್ತು. ಶಿರಸ್ತೇದಾರರ ಮೇಲೆ, ಗದಗಿಗೆ ಹೋದ ವಕೀಲರ ಮೇಲೆ, ನೀಲಪ್ಪನ ಮೇಲೆ, ತನ್ನನ್ನು ಬೈಯಲಾರದ ಈ ಮುದುಕಿಯ ಮೇಲೂ. ಅವನು ಕಿಟಕಿಯ ಕಬ್ಬಿಣದ ಸರಳು ಹಿಡಿದು ನಿಂತ.

"ಒಳಗ ಬರ್ರಿ ಅವ್ವಾ, ಕುಂಡ್ರಿ," ಎಂದಷ್ಟೇ ಹೇಳಿದ.

ನ್ಯಾಯಾಧೀಶರು ತನ್ನನ್ನು ನೇರವಾಗಿ ಕೇಳಿದ್ದರು, ತಾನು ಯಾರೂ ಇಲ್ಲ ಎಂದಿದ್ದೆ ಎಂಬುದನ್ನು ನಂದೀಶ ಮಂಜವ್ವನಿಗೆ ಎಂದೂ ಹೇಳಲಿಲ್ಲ.